ನುಗ್ಗಿದರೆ ಮಾತ್ರ ಇಂಟ್ರೂಡೇ?

ಪ್ರಶ್ನೆ: ನಿಘಂಟಿನಲ್ಲಿ 'ಇಂಟ್ರೂಡ್' ಎಂಬುದಕ್ಕೆ 'ನುಗ್ಗು' ಎಂದಿದೆ. ಬಾಗಿಲು ತಟ್ಟಿ ಮೆಲ್ಲಗೆ ಬಂದವರೂ 'ಐ ಹೋಪ್ ಐ ಆಮ್ ನಾಟ್ ಇಂಟ್ರೂಡಿಂಗ್' ಅನ್ನುತ್ತಾರಲ್ಲ, ಹೇಗೆ? 'ಟ್ರೆಸ್‌ಪಾಸ್' ಅಂದರೂ ಇದೇನಾ?

ಉತ್ತರ: ತೊಡಕು ಇರುವುದು 'ನುಗ್ಗು' ಎಂಬ ಅನುವಾದದಲ್ಲಿ. ನುಗ್ಗು ಅಂದೊಡನೆ ರಭಸ ಕಣ್ಣಿಗೆ ಕಟ್ಟುತ್ತದೆ. ನುಸುಳು ಅಂದರೆ ಕದ್ದು ಬಂದದ್ದು. ಎರಡೂ ಬಂದ ರೀತಿಯನ್ನು ಹೇಳುವ ಪದಗಳು. ಇಂಟ್ರೂಡ್‌ಗೆ ರೀತಿ ಮುಖ್ಯವಲ್ಲ, ಒಳಗಿದ್ದವರಿಗೆ ಆ ಹೊತ್ತಿನಲ್ಲಿ ನೀವು ಬಂದದ್ದು ಬೇಡವಾಗಿತ್ತು ಎಂಬುದು ಮುಖ್ಯ. ಗಂಡ ಹೆಂಡತಿ ತಗ್ಗಿದ ದನಿಯಲ್ಲಿ ಏನೋ ಮಾತಾಡುತ್ತಿದ್ದಾರೆ. ನೀವು ಚಪ್ಪಲಿ ಬಿಟ್ಟು, ಒಮ್ಮೆ ಕೆಮ್ಮಿಯೇ ಹೊಸ್ತಿಲು ದಾಟಿದಿರಿ. ಮಾತು ಥಟ್ಟನೆ ನಿಂತಿತು. ಇದು ಇಂಟ್ರೂಡ್. ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಎಂಬ ನಮ್ಮ ಗಾದೆ ಈ ಭಾವಕ್ಕೆ ಬಹಳ ಹತ್ತಿರ. ಹಾಗಾಗಿ ನೀವು ಕೇಳಿದ ವಾಕ್ಯಕ್ಕೆ ಕನ್ನಡದಲ್ಲಿ 'ತೊಂದರೆ ಆಗ್ಲಿಲ್ಲ ತಾನೆ?' ಎಂದರೆ ಸಾಕು. 'ಇಂಟ್ರೂಡರ್' ಮಾತ್ರ ಗಡುಸಾದ ಪದ. ರಾತ್ರಿ ಮನೆ ಹೊಕ್ಕ ಅಪರಿಚಿತನಿಗೆ ಹೇಳುವಂಥದ್ದು. ಅಲ್ಲಿ 'ನುಗ್ಗಿದವ' ಸರಿಹೋಗುತ್ತದೆ.

ನಮ್ಮವರು ಹೆಚ್ಚಾಗಿ ಎಡವುವುದು ವ್ಯಾಕರಣದಲ್ಲಿ. 'ಹಿ ಇಂಟ್ರೂಡೆಡ್ ಮೈ ರೂಮ್' ತಪ್ಪು. ಕನ್ನಡದ 'ಕೋಣೆಗೆ' ಎಂಬಲ್ಲಿ 'ಗೆ' ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಬೇರೊಂದು ಪದ ಮಾಡಬೇಕು. ಜಾಗವಾದರೆ 'ಇಂಟ್ರೂಡೆಡ್ ಇನ್‌ಟು ಮೈ ರೂಮ್', ದುಃಖ, ಏಕಾಂತ, ಮಾತುಕತೆಯಂಥವಾದರೆ 'ಇಂಟ್ರೂಡೆಡ್ ಆನ್ ದೇರ್ ಗ್ರೀಫ್'. 'ಇನ್‌ವೇಡ್' ಕ್ರಿಯಾಪದಕ್ಕೆ ಮಾತ್ರ ನಡುವೆ ಏನೂ ಬೇಡ: 'ಇನ್‌ವೇಡೆಡ್ ಮೈ ಪ್ರೈವೆಸಿ'. ಇವೆರಡನ್ನು ಬೆರೆಸುವುದರಿಂದಲೂ ತಪ್ಪು ಆಗುತ್ತದೆ.

ಟ್ರೆಸ್‌ಪಾಸ್ ಹಕ್ಕಿಗೆ ಸಂಬಂಧಿಸಿದ್ದು. ಹಳೆಯ ಫ್ರೆಂಚಿನಲ್ಲಿ ಅದಕ್ಕೆ 'ದಾಟಿ ಹೋಗು' ಎಂಬ ಅರ್ಥ. ಯಾರಿಗೂ ಬೇಸರವಾಗದಿದ್ದರೂ, ಮನೆಯವರು ಊರಲ್ಲೇ ಇಲ್ಲದಿದ್ದರೂ, ಅನುಮತಿಯಿಲ್ಲದೆ ಬೇಲಿ ದಾಟಿದರೆ ಅದು ಟ್ರೆಸ್‌ಪಾಸ್. ನಮ್ಮ ಫಲಕಗಳಲ್ಲಿ 'ಅತಿಕ್ರಮ ಪ್ರವೇಶ'. ಆದರೆ ಚೆಂಡು ಹೆಕ್ಕಲು ಪಕ್ಕದ ಹಿತ್ತಲಿಗೆ ಇಳಿದವ ಅಪರಾಧಿಯಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನ ಪ್ರಕಾರ, ಅಪರಾಧ ಎಸಗುವ ಅಥವಾ ಸ್ವತ್ತು ಯಾರ ಸ್ವಾಧೀನದಲ್ಲಿದೆಯೋ ಅವರನ್ನು ಬೆದರಿಸುವ, ಅವಮಾನಿಸುವ, ಕಾಡುವ ಉದ್ದೇಶ ಇರಲೇಬೇಕು. ಸರಿಯಾಗಿಯೇ ಒಳಗೆ ಬಂದವರು ಅಂಥ ಉದ್ದೇಶದಿಂದ ಕಾನೂನುಬಾಹಿರವಾಗಿ ಅಲ್ಲೇ ಉಳಿದರೂ ಅದೇ ಅಪರಾಧ. ಶಿಕ್ಷೆ 3 ತಿಂಗಳವರೆಗೆ ಸೆರೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಾಸದ ಮನೆಯಾದರೆ ಸೆರೆ 1 ವರ್ಷದವರೆಗೆ. ರೈಲು ಹಳಿಯ ವಿಷಯ ಬೇರೆ. 1989ರ ರೈಲ್ವೆ ಕಾಯ್ದೆಯ 147ನೇ ಕಲಮು ಉದ್ದೇಶ ಕೇಳುವುದಿಲ್ಲ, ಅನುಮತಿಯಿಲ್ಲದೆ ಕಾಲಿಟ್ಟದ್ದೇ ಸಾಕು.

ಪ್ರಶ್ನೆ: ಕೆರೆ ಒತ್ತುವರಿಗೆ ಯಾವ ಪದ?

ಉತ್ತರ: 'ಎನ್‌ಕ್ರೋಚ್‌ಮೆಂಟ್'. 'ಕೊಕ್ಕೆ' ಎಂಬ ಅರ್ಥದ ಹಳೆಯ ಫ್ರೆಂಚ್ ಪದ ಇದರ ಒಳಗಿದೆ. ಈ ವರ್ಷ ಎರಡಡಿ, ಮುಂದಿನ ವರ್ಷ ಮೂರಡಿ ಎಂದು ಬದು ಸರಿಸುತ್ತಾ ಹೋಗುವುದನ್ನು ಹೇಳುವ ಪದ ಇದು. ಒತ್ತುವರಿ ಎಂಬುದು ಅದಕ್ಕಿಂತ ಸೊಗಸಾದ ಪದ. ಅನುವಾದಿಸುವವರು ಅದನ್ನು ಬಿಟ್ಟು 'ಅತಿಕ್ರಮಣ' ಎಂದು ಬರೆಯುವುದು ಬೇಡ.

ಪ್ರಶ್ನೆ: ರಾಮನಗರದ ಬಂಡೆಗಳನ್ನು ಪಠ್ಯದಲ್ಲಿ 'ಇಂಟ್ರೂಸಿವ್' ಎಂದಿದ್ದಾರೆ. ಬಂಡೆಯನ್ನು ಬೇಡ ಅಂದವರು ಯಾರು?

ಉತ್ತರ: ಇಲ್ಲಿ ಲ್ಯಾಟಿನ್ನಿನ ಮೂಲ ಅರ್ಥವೇ ಉಳಿದಿದೆ: 'ಇನ್' ಎಂದರೆ ಒಳಗೆ, 'ಟ್ರೂದೆರೆ' ಎಂದರೆ ತಳ್ಳು. ಹೊರಗೆ ಚಾಚು ಎಂಬ 'ಪ್ರೊಟ್ರೂಡ್' ಕೂಡ ಇದೇ ಬೇರಿನದು. ಸುಮಾರು 250 ಕೋಟಿ ವರ್ಷಗಳ ಹಿಂದೆ ಕರಗಿದ ಶಿಲಾಪಾಕ ಅದಕ್ಕಿಂತ ಹಳೆಯದಾದ 'ನೈಸ್' ಎಂಬ ಪಟ್ಟೆಪಟ್ಟೆಯ ಶಿಲೆಯೊಳಕ್ಕೆ ತಳ್ಳಿಕೊಂಡು ಬಂದು, ನೆಲದಡಿಯಲ್ಲೇ ನಿಧಾನವಾಗಿ ಆರಿತು. ನಿಧಾನವಾಗಿ ಆರಿದ್ದರಿಂದಲೇ ಹರಳುಗಳು ದೊಡ್ಡವಾದವು. ಒಡೆದ ಕಲ್ಲನ್ನು ಬಿಸಿಲಿಗೆ ಹಿಡಿದರೆ ಫೆಲ್ಡ್‌ಸ್ಪಾರ್ ಎಂಬ ಖನಿಜದ ನಸುಗೆಂಪು ಹರಳು ಬರಿಗಣ್ಣಿಗೇ ಕಾಣುತ್ತದೆ. ರಾಮನಗರದ ಹಳೆಯ ಇಂಗ್ಲಿಷ್ ಹೆಸರಿನಿಂದ ಅದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ.