ಕೋಡ್ ಎಐ ಬರೆದದ್ದು, ಹಂಚುವವರು ನೀವು

ಬಿಡುವಿನ ವೇಳೆಯಲ್ಲಿ ಎಐ ನೆರವಿನಿಂದ ಸಣ್ಣ ಸಾಫ್ಟ್‌ವೇರ್ ಮಾಡಿ, ಅದನ್ನು ನಾಲ್ಕು ಜನರಿಗೆ ಕೊಡಲು ಹೊರಟವರ ಪತ್ರಗಳು ಈ ಸಲ ಹೆಚ್ಚು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮನೆಯ ಪುಸ್ತಕಗಳ ಪಟ್ಟಿ ಇಡುವ ಪೈಥಾನ್ ಪ್ರೋಗ್ರಾಮ್ ಮಾಡಿದ್ದೇನೆ. ನನ್ನ ಕಂಪ್ಯೂಟರ್‌ನಲ್ಲಿ ಸರಿಯಾಗಿ ಓಡುತ್ತದೆ. ಗೆಳೆಯರಿಗೆ ಕೊಟ್ಟರೆ ಒಬ್ಬರಲ್ಲಿ ತೆರೆಯುವುದೇ ಇಲ್ಲ, ಇನ್ನೊಬ್ಬರಲ್ಲಿ ಕನ್ನಡ ಹೆಸರುಗಳು ಚಿಂದಿಯಾಗಿ ಕಾಣುತ್ತವೆ. ಏಕೆ?

ಉತ್ತರ: ನಿಮ್ಮ ಯಂತ್ರದಲ್ಲಿ ಮಾತ್ರ ಇರುವ ಯಾವುದನ್ನೋ ಪ್ರೋಗ್ರಾಮ್ ನೆಚ್ಚಿಕೊಂಡಿದೆ. ಅದು ಏನೆಂದು ಕಂಡುಹಿಡಿಯಲು ಒಳ್ಳೆಯ ದಾರಿ ಒಂದೇ: ನೀವೇ ಹೊಸಬರಾಗಿ ನೋಡುವುದು. ಬೇರೆ ಫೋಲ್ಡರ್‌ಗೆ ರೆಪೊಸಿಟರಿಯನ್ನು (ಗಿಟ್ ಎಂಬ ಸಲಕರಣೆ ಕೋಡನ್ನು ಅದರ ಇತಿಹಾಸದೊಂದಿಗೆ ಇಡುವ ಸಂಗ್ರಹ) ಹೊಸದಾಗಿ ಕ್ಲೋನ್ ಮಾಡಿ, ಅಂದರೆ ನಕಲು ಇಳಿಸಿ, ಪೈಥಾನ್‌ನ ವೆನ್ವ್ ಬಳಸಿ ಖಾಲಿ ವರ್ಚುವಲ್ ಎನ್ವಿರಾನ್‌ಮೆಂಟ್ (ಮೊದಲು ಹಾಕಿಕೊಂಡದ್ದು ಯಾವುದೂ ಇಲ್ಲದ ಪ್ರತ್ಯೇಕ ಜಾಗ) ಸೃಷ್ಟಿಸಿ, ನಿಮ್ಮ ರೀಡ್‌ಮಿ ಕಡತದಲ್ಲಿ ಬರೆದ ಆದೇಶಗಳನ್ನು ಮಾತ್ರ ಒಂದೊಂದಾಗಿ ಟೈಪ್ ಮಾಡಿ. ಬರೆಯದ ಒಂದು ಹೆಜ್ಜೆಯನ್ನೂ ಇಡಬೇಡಿ. ಎಲ್ಲಿ ನಿಂತಿತೋ ಅಲ್ಲೇ ತಪ್ಪು ಇದೆ.

ಸಾಮಾನ್ಯವಾಗಿ ಮೊದಲು ಸಿಗುವುದು ಲೈಬ್ರರಿಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಪಟ್ಟಿಯ ತಪ್ಪು. ಯಂತ್ರದಲ್ಲಿರುವ ಲೈಬ್ರರಿಗಳನ್ನು ಪಟ್ಟಿ ಮಾಡುವ ಪಿಪ್ ಫ್ರೀಜ್ ಆದೇಶವನ್ನು ವರ್ಚುವಲ್ ಎನ್ವಿರಾನ್‌ಮೆಂಟ್ ಇಲ್ಲದೆ ಓಡಿಸಿದರೆ, ಹಿಂದೆಂದೋ ಬೇರೆ ಕೆಲಸಕ್ಕೆ ಹಾಕಿಕೊಂಡ ಲೈಬ್ರರಿಗಳೆಲ್ಲ ರಿಕ್ವೈರ್‌ಮೆಂಟ್ಸ್ ಕಡತಕ್ಕೆ ಬಂದು ಕೂರುತ್ತವೆ. ಆ ಪಟ್ಟಿಯ ಪ್ರತಿ ಹೆಸರನ್ನೂ ಪೈಥಾನ್ ಲೈಬ್ರರಿಗಳ ಭಂಡಾರವಾದ ಪೈಪಿಐ ತಾಣದಲ್ಲಿ ತೆರೆದು ನೋಡಿ. ಎಐ ಕೆಲವೊಮ್ಮೆ ಇಲ್ಲದ ಲೈಬ್ರರಿಯ ಹೆಸರನ್ನು ಹೇಳಿಬಿಡುತ್ತದೆ. ಇನ್‌ಸ್ಟಾಲ್ ಆಗದೆ ನಿಂತರೆ ಅದೇ ಪುಣ್ಯ. ಅಂಥ ಹೆಸರನ್ನು ಯಾರೋ ಕಿಡಿಗೇಡಿ ಮೊದಲೇ ನೋಂದಾಯಿಸಿ ಹಾನಿ ಮಾಡುವ ಕೋಡ್ ಇಟ್ಟಿದ್ದರೆ, ನಿಮ್ಮ ಪ್ರೋಗ್ರಾಮ್ ಹಾಕಿಕೊಂಡವರೆಲ್ಲರ ಯಂತ್ರಕ್ಕೂ ಅದು ಹೋಗುತ್ತದೆ. ಈ ದಾಳಿಗೆ ಸ್ಲಾಪ್‌ಸ್ಕ್ವಾಟಿಂಗ್ ಎಂಬ ಹೆಸರೇ ಬಿದ್ದಿದೆ.

ಎರಡನೆಯದು ಕಡತದ ವಿಳಾಸ. ಡ್ರೈವ್‌ನ ಅಕ್ಷರದಿಂದ ಹಿಡಿದು ನಿಮ್ಮ ಯೂಸರ್ ಹೆಸರಿನ ತನಕ ಪೂರ್ತಿ ಪಾತ್ ಕೋಡ್‌ನಲ್ಲಿ ಇದ್ದರೆ ಬೇರೆಯವರಲ್ಲಿ ಅದು ಸಿಗುವುದಿಲ್ಲ. ಜೊತೆಗೆ ನಿಮ್ಮ ಹೆಸರೂ ಹೊರಗೆ ಹೋಗುತ್ತದೆ. ಪಾತ್‌ಲಿಬ್ ಬಳಸಿ, ಪ್ರೋಗ್ರಾಮ್ ಇರುವ ಫೋಲ್ಡರ್‌ನಿಂದ ಲೆಕ್ಕ ಹಾಕಿಸಿ.

ಇನ್ನು ಕನ್ನಡ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಎಐ ಬರೆಯುವ ಕೋಡ್ ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತದೆ. ವಿಂಡೋಸ್‌ನಲ್ಲಿ 3.14ರ ತನಕದ ಪೈಥಾನ್‌ನ ಓಪನ್ ಫಂಕ್ಷನ್‌ಗೆ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಹೇಳದಿದ್ದರೆ ಅದು ಯುಟಿಎಫ್-8 ಅನ್ನು ಬಿಟ್ಟು ಆ ಯಂತ್ರದ ಹಳೆಯ ಕೋಡ್ ಪೇಜ್ ಹಿಡಿಯುತ್ತದೆ. ಲಿನಕ್ಸ್‌ನಲ್ಲಿ ಬರೆದ ಕಡತ ವಿಂಡೋಸ್‌ನಲ್ಲಿ ಚಿಂದಿಯಾಗುವುದು ಇದರಿಂದಲೇ. ಓದುವಾಗಲೂ ಬರೆಯುವಾಗಲೂ ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆಯಿರಿ. ಎಕ್ಸೆಲ್‌ನಲ್ಲಿ ತೆರೆಯಲೆಂದು ಸಿಎಸ್‌ವಿ ಕೊಡುತ್ತಿದ್ದರೆ ಯುಟಿಎಫ್-8-ಸಿಗ್ ಬಳಸಿ. ಕಡತದ ತಲೆಯಲ್ಲಿ ಕೂರುವ ಆ ಮೂರು ಬೈಟ್ ಇಲ್ಲದಿದ್ದರೆ ಎಕ್ಸೆಲ್‌ಗೆ ಕನ್ನಡ ಗುರುತು ಸಿಗದೆ ಹೋಗಬಹುದು.

ಹುಡುಕಾಟವನ್ನೂ ಪರೀಕ್ಷಿಸಿ. 'ಕೊ' ಎಂಬುದನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ಕ ಜೊತೆಗೆ ಒಕಾರದ ಒಂದೇ ಚಿಹ್ನೆ, ಇಲ್ಲವೇ ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಹೀಗಾಗಿ ಪಟ್ಟಿಯಲ್ಲಿರುವ ಪುಸ್ತಕವೇ ಹುಡುಕಿದಾಗ ಸಿಗುವುದಿಲ್ಲ. ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್ ಫಂಕ್ಷನ್‌ನಿಂದ, ಒಳಗೆ ಬರುವ ಪಠ್ಯವನ್ನೂ ಹುಡುಕುವ ಪದವನ್ನೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತನ್ನಿ. ಉದ್ದದ ಹೆಸರನ್ನು 20 ಅಕ್ಷರಕ್ಕೆ ಕತ್ತರಿಸುವ ಸಾಲು ಇದ್ದರೆ ಅದನ್ನೂ ತೆಗೆಯಿರಿ. 'ಕ್ಷ' ಪೈಥಾನ್‌ಗೆ ಮೂರು ಅಂಶ. ನಡುವೆ ಕತ್ತರಿ ಬಿದ್ದರೆ 'ಕ' ಅಥವಾ 'ಕ್' ಮಾತ್ರ ಉಳಿಯುತ್ತದೆ. ಕತ್ತರಿಸಲೇಬೇಕಿದ್ದರೆ ಪದಗಳ ನಡುವಿನ ಜಾಗದಲ್ಲಿ ಕತ್ತರಿಸಿ.

ಪ್ರಶ್ನೆ: ಭಾಷಾ ಮಾದರಿಯ ಎಪಿಐ ಕೀಯನ್ನು (ಸೇವೆ ಬಳಸಲು ಕೊಡುವ ಗುಟ್ಟಿನ ಸಂಕೇತ) ಕೋಡ್‌ನಲ್ಲೇ ಬರೆದಿದ್ದೆ. ರೆಪೊಸಿಟರಿಯನ್ನು ಸಾರ್ವಜನಿಕಗೊಳಿಸಿದ ಮೇಲೆ ಗಮನಕ್ಕೆ ಬಂತು. ಆ ಸಾಲನ್ನು ಅಳಿಸಿ ಮತ್ತೆ ಕಮಿಟ್ ಮಾಡಿದ್ದೇನೆ, ಅಂದರೆ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸಿದ್ದೇನೆ. ಸಾಕೇ?

ಉತ್ತರ: ಸಾಲದು. ಗಿಟ್ ಹಳೆಯ ಪ್ರತಿ ಕಮಿಟನ್ನೂ ಹಾಗೆಯೇ ಇಟ್ಟುಕೊಳ್ಳುತ್ತದೆ. ಇತಿಹಾಸ ತೆರೆದರೆ ಕೀ ಅಲ್ಲೇ ಇದೆ. ಸಾರ್ವಜನಿಕ ರೆಪೊಸಿಟರಿಗಳಲ್ಲಿ ಕೀಗಳನ್ನು ಜಾಲಾಡುವ ಬಾಟ್‌ಗಳು ಸದಾ ಓಡುತ್ತಿರುತ್ತವೆ. ಆದ್ದರಿಂದ ಕೋಡ್ ಮುಟ್ಟುವ ಮೊದಲು ಸೇವೆಯ ತಾಣಕ್ಕೆ ಹೋಗಿ ಆ ಕೀಯನ್ನು ರದ್ದು ಮಾಡಿ, ಬಳಕೆಯ ಲೆಕ್ಕದಲ್ಲಿ ನಿಮ್ಮದಲ್ಲದ ಖರ್ಚು ಇದೆಯೇ ನೋಡಿ, ಖರ್ಚಿಗೆ ಮಿತಿ ಹಾಕಿ, ಆಮೇಲೆ ಹೊಸ ಕೀ ಪಡೆಯಿರಿ. ಈ ಕ್ರಮ ತಪ್ಪಬಾರದು. ಇತಿಹಾಸ ತೊಳೆಯಲು ಕೂತು ಒಂದು ದಿನ ಕಳೆದರೆ, ಆ ಇಡೀ ದಿನ ಹಳೆಯ ಕೀ ಜೀವಂತವಾಗಿರುತ್ತದೆ.

ಹೊಸ ಕೀಯನ್ನು ಡಾಟ್ ಎನ್ವ್ ಕಡತದಲ್ಲಿಡಿ, ಆ ಕಡತದ ಹೆಸರನ್ನು ಡಾಟ್ ಗಿಟ್‌ಇಗ್ನೋರ್‌ಗೆ ಸೇರಿಸಿ. ಇಲ್ಲಿ ಬಹಳ ಜನ ಎಡವುತ್ತಾರೆ: ಗಿಟ್ ಈಗಾಗಲೇ ಹಿಡಿದಿಟ್ಟ ಕಡತಕ್ಕೆ ಇಗ್ನೋರ್ ಪಟ್ಟಿ ಅನ್ವಯಿಸುವುದಿಲ್ಲ. ಗಿಟ್ ಆರ್‌ಎಂ ಆದೇಶಕ್ಕೆ ಕ್ಯಾಶ್ಡ್ ಆಯ್ಕೆ ಸೇರಿಸಿ ಓಡಿಸಿದರೆ ಕಡತ ನಿಮ್ಮ ಡಿಸ್ಕ್‌ನಲ್ಲಿ ಉಳಿದು ಗಿಟ್‌ನಿಂದ ಮಾತ್ರ ಹೊರಬರುತ್ತದೆ. ಬಳಸುವವರಿಗಾಗಿ ಡಾಟ್ ಎನ್ವ್ ಡಾಟ್ ಎಕ್ಸಾಂಪಲ್ ಎಂಬ ಮಾದರಿ ಕಡತ ಇಟ್ಟು, ಕೀ ಇರಬೇಕಾದ ಜಾಗವನ್ನು ಖಾಲಿ ಬಿಡಿ.

ಹಳೆಯ ಇತಿಹಾಸದಿಂದ ತೆಗೆಯಲು ಗಿಟ್ ಫಿಲ್ಟರ್-ರೆಪೊ ಎಂಬ ಸಲಕರಣೆ ಇದೆ. ಹೊಸ ಕ್ಲೋನ್‌ನಲ್ಲೇ ಓಡಿಸಬೇಕು; ಮುಗಿದ ಮೇಲೆ ಅದು ಆರಿಜಿನ್ ರಿಮೋಟನ್ನು (ಸರ್ವರ್‌ನಲ್ಲಿರುವ ಮೂಲ ರೆಪೊಸಿಟರಿಯ ವಿಳಾಸ) ತೆಗೆದುಹಾಕುವುದರಿಂದ ಮತ್ತೆ ಸೇರಿಸಿ ಫೋರ್ಸ್ ಪುಶ್ ಮಾಡಬೇಕು, ಅಂದರೆ ಅಲ್ಲಿನ ಹಳೆಯ ಇತಿಹಾಸದ ಮೇಲೆ ಹೊಸದನ್ನು ಬರೆಯಬೇಕು. ಯಾರಾದರೂ ಮೊದಲೇ ಫೋರ್ಕ್ (ತಮ್ಮ ಖಾತೆಗೆ ನಕಲು) ಮಾಡಿದ್ದರೆ ಅವರಲ್ಲಿ ಹಳೆಯದು ಉಳಿದೇ ಇರುತ್ತದೆ. ಒಬ್ಬರೇ ಮಾಡಿದ ಹವ್ಯಾಸದ ಕೆಲಸಕ್ಕೆ ಇಷ್ಟು ಶ್ರಮ ಬೇಡ ಎನ್ನುವುದು ನಮ್ಮ ಅಭಿಪ್ರಾಯ: ಶುದ್ಧ ಮಾಡಿದ ಕಡತಗಳನ್ನಷ್ಟೇ ಹೊಸ ರೆಪೊಸಿಟರಿಗೆ ಹಾಕಿ, ಹಳೆಯದನ್ನು ಅಳಿಸಿಬಿಡಿ. ಅದೇ ಹೊತ್ತಿಗೆ ನಿಮ್ಮ ಸ್ವಂತ ಮಾಹಿತಿ ತುಂಬಿದ ಎಸ್‌ಕ್ಯೂಲೈಟ್ ಡೇಟಾಬೇಸ್ ಕಡತ, ಲಾಗ್‌ಗಳು, ಮನೆಯವರ ಹೆಸರು ಕಾಣುವ ಸ್ಕ್ರೀನ್‌ಶಾಟ್‌ಗಳು ಒಳಗೆ ನುಸುಳಿವೆಯೇ ನೋಡಿ.

ನಿಮ್ಮದು ಬ್ರೌಸರ್‌ನಲ್ಲಿ ಓಡುವ ಪುಟವಾದರೆ ಡಾಟ್ ಎನ್ವ್ ಕೂಡ ಕಾಪಾಡದು. ಉದಾಹರಣೆಗೆ ವೆಬ್ ಪುಟ ಕಟ್ಟುವ ವೀಟ್ ಸಲಕರಣೆ ಬಳಸುವ ಪ್ರಾಜೆಕ್ಟ್‌ಗಳಲ್ಲಿ 'ವೀಟ್' ಎಂದು ಶುರುವಾಗುವ ಹೆಸರಿನ ಮೌಲ್ಯಗಳೆಲ್ಲ ಅಂತಿಮ ಜಾವಾಸ್ಕ್ರಿಪ್ಟ್‌ನೊಳಗೆ ಸೇರುತ್ತವೆ. ಡೆವಲಪರ್ ಟೂಲ್ಸ್ ತೆರೆದ ಯಾರಿಗಾದರೂ ಅವು ಕಾಣುತ್ತವೆ. ಕೀ ಸರ್ವರ್‌ನಲ್ಲೇ ಇರಬೇಕು. ಪುಟ ಆ ಸರ್ವರ್ ಮೂಲಕ ಕೇಳಬೇಕು. ಸರ್ವರ್‌ನಲ್ಲಿ ಒಬ್ಬರಿಗೆ ದಿನಕ್ಕೆ ಇಷ್ಟೇ ಕೋರಿಕೆ ಎಂಬ ಮಿತಿ ಇಡದಿದ್ದರೆ, ಕೀ ಕಾಣದಿದ್ದರೂ ಬಿಲ್ ನಿಮಗೇ ಬರುತ್ತದೆ. ಸರ್ವರ್ ನಡೆಸುವುದು ಬೇಡವೆಂದರೆ, ಬಳಸುವವರು ತಮ್ಮದೇ ಕೀ ಹಾಕಿಕೊಂಡು ತಮ್ಮ ಯಂತ್ರದಲ್ಲಿ ಓಡಿಸುವಂತೆ ಕೊಡಿ.

ಪ್ರಶ್ನೆ: ಕೋಡ್‌ನ ಮುಕ್ಕಾಲು ಭಾಗ ನನಗೆ ಅರ್ಥವಾಗುವುದಿಲ್ಲ. ಹಂಚಬಹುದೇ? ಯಾವುದನ್ನು ನೋಡಿಕೊಳ್ಳಬೇಕು?

ಉತ್ತರ: ಹಂಚಬಹುದು, ಆದರೆ ಅರ್ಥವಾಗದ ಭಾಗ ಏನನ್ನು ಮುಟ್ಟುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಬಣ್ಣ, ಜೋಡಣೆ, ಪಟ್ಟಿ ತೋರಿಸುವ ಕೋಡ್ ಅರ್ಥವಾಗದಿದ್ದರೆ ದೊಡ್ಡ ಕೇಡಿಲ್ಲ. ಬಳಸುವವರ ಕಡತ ಅಳಿಸುವ, ಹೆಸರು ಬದಲಿಸುವ, ಪಾಸ್‌ವರ್ಡ್ ಕೇಳುವ, ಹೊರಗಿನ ಸರ್ವರ್‌ಗೆ ಏನನ್ನಾದರೂ ಕಳಿಸುವ ಸಾಲುಗಳನ್ನು ಮಾತ್ರ ಪೂರ್ತಿ ತಿಳಿಯದೆ ಇನ್ನೊಬ್ಬರಿಗೆ ಕೊಡಬೇಡಿ.

ಆ ಸಾಲುಗಳನ್ನು ಹುಡುಕುವುದು ಕಷ್ಟವಲ್ಲ. ಎಡಿಟರ್‌ನಲ್ಲಿ ಇಡೀ ಫೋಲ್ಡರನ್ನು ಹುಡುಕಿ. ಪಠ್ಯವನ್ನೇ ಕೋಡ್ ಆಗಿ ಓಡಿಸುವ ಇವ್ಯಾಲ್ ಮತ್ತು ಎಕ್ಸೆಕ್ ಸಿಕ್ಕರೆ, ಬಳಸುವವರು ಟೈಪ್ ಮಾಡಿದ್ದು ಅವಕ್ಕೆ ಹೋಗುತ್ತದೆಯೇ ನೋಡಿ. ಬೇರೆ ಪ್ರೋಗ್ರಾಮ್ ಓಡಿಸುವ ಸಬ್‌ಪ್ರೋಸೆಸ್ ಜೊತೆ 'ಶೆಲ್ ಟ್ರೂ' ಇದ್ದರೆ, ಅರ್ಧವಿರಾಮ ಚಿಹ್ನೆ ಇರುವ ಒಂದು ಕಡತದ ಹೆಸರೇ ಬೇರೆ ಆದೇಶವಾಗಿ ಓಡಬಲ್ಲದು. ಆದೇಶವನ್ನು ಪಟ್ಟಿಯ ರೂಪದಲ್ಲಿ ಕೊಟ್ಟು ಶೆಲ್ ಬಿಡಿ. ಡೇಟಾಬೇಸ್ ಪ್ರಶ್ನೆಯೊಳಗೆ ಎಫ್-ಸ್ಟ್ರಿಂಗ್‌ನಿಂದ (ಪಠ್ಯದೊಳಗೆ ಮೌಲ್ಯ ಸೇರಿಸುವ ಪೈಥಾನ್ ರೀತಿ) ಪದ ತುರುಕಿದ್ದರೆ, ಎಸ್‌ಕ್ಯೂಲೈಟ್‌ನಲ್ಲಿ ಆ ಜಾಗಕ್ಕೆ ಪ್ರಶ್ನೆ ಚಿಹ್ನೆ ಇಟ್ಟು ಮೌಲ್ಯವನ್ನು ಬೇರೆಯಾಗಿ ಕೊಡಿ. ವೆಬ್ ತಾಣ ಕಟ್ಟುವ ಫ್ಲಾಸ್ಕ್‌ನಲ್ಲಿ 'ಡೀಬಗ್ ಟ್ರೂ' ಉಳಿದುಬಿಟ್ಟು ತಾಣ ಹೊರಗೆ ತೆರೆದರೆ, ಡೀಬಗರ್ ಮೂಲಕ ಅಪರಿಚಿತರು ನಿಮ್ಮ ಸರ್ವರ್‌ನಲ್ಲಿ ಕೋಡ್ ಓಡಿಸುವ ದಾರಿ ಆಗಬಹುದು. 'ವೆರಿಫೈ ಫಾಲ್ಸ್' ಕಂಡರೆ ತೆಗೆಯಿರಿ. ಅದು ಸುರಕ್ಷಿತ ಸಂಪರ್ಕದ ಪ್ರಮಾಣಪತ್ರ ತಪಾಸಣೆಯನ್ನೇ ನಿಲ್ಲಿಸುತ್ತದೆ. ದೋಷ ಬಂದರೆ ಸುಮ್ಮನೆ ನುಂಗುವ 'ಎಕ್ಸೆಪ್ಟ್, ಪಾಸ್' ಜೋಡಿಯನ್ನೂ ಬಿಡಬೇಡಿ. ಪ್ರೋಗ್ರಾಮ್ ಕೆಲಸ ಮಾಡಿದಂತೆ ತೋರಿ, ಮಾಹಿತಿ ಉಳಿದಿರುವುದೇ ಇಲ್ಲ.

ಎಐ ಬರೆದುಕೊಟ್ಟ ಪರೀಕ್ಷೆಗಳೆಲ್ಲ ಹಸಿರಾಗಿವೆ (ಪಾಸ್ ಆಗಿವೆ) ಎಂದು ನಂಬಿ ಕೂರಬೇಡಿ. ಕೋಡ್ ನೋಡಿಕೊಂಡೇ ಪರೀಕ್ಷೆ ಬರೆದಿದ್ದರೆ, ಕೋಡ್‌ನ ತಪ್ಪೂ ಪರೀಕ್ಷೆಯೊಳಗೆ ಸರಿ ಎಂದೇ ಕೂತಿರುತ್ತದೆ. ಒಂದು ಕೂಡಿಸುವ ಚಿಹ್ನೆಯನ್ನು ಕಳೆಯುವ ಚಿಹ್ನೆಯಾಗಿ ಬದಲಿಸಿ ಪರೀಕ್ಷೆ ಓಡಿಸಿ. ಆಗಲೂ ಹಸಿರೇ ಬಂದರೆ ಆ ಪರೀಕ್ಷೆಯಿಂದ ಉಪಯೋಗವಿಲ್ಲ.

ಪ್ರಶ್ನೆ: ಎಐ ಬರೆದದ್ದು ಎಂದು ಹೇಳಲೇಬೇಕೇ? ಹೇಳಿದರೆ ಜನ ಮುಟ್ಟುವುದಿಲ್ಲವೇನೋ.

ಉತ್ತರ: ಹೇಳಿ. ಮುಟ್ಟಬೇಕೋ ಬೇಡವೋ ಎಂದು ತೀರ್ಮಾನಿಸುವವರಿಗೆ ಬೇಕಾದ ಮಾಹಿತಿ ಅದು. 'ಎಐ ಬಳಸಲಾಗಿದೆ' ಎಂಬ ಒಂದು ಸಾಲಿನಿಂದ ಮಾತ್ರ ಏನೂ ತಿಳಿಯುವುದಿಲ್ಲ. ರೀಡ್‌ಮಿಯ ಮೊದಲ ಪರದೆಯಲ್ಲೇ ಈ ಬಗೆಯಲ್ಲಿ ಬರೆಯಬಹುದು: 'ವಿನ್ಯಾಸ ಮತ್ತು ಡೇಟಾಬೇಸ್ ರಚನೆ ನನ್ನದು. ಉಳಿದ ಕೋಡ್ ಎಐ ಬರೆದದ್ದು. ಕಡತ ಉಳಿಸುವ, ಅಳಿಸುವ ಭಾಗವನ್ನು ಸಾಲು ಸಾಲಾಗಿ ಓದಿದ್ದೇನೆ, ಪರದೆಯ ಭಾಗವನ್ನು ಓದಿಲ್ಲ. ವಿಂಡೋಸ್ 11, ಪೈಥಾನ್ 3.12ರಲ್ಲಿ 400 ಪುಸ್ತಕಗಳ ಪಟ್ಟಿಯೊಂದಿಗೆ ಪರೀಕ್ಷಿಸಿದ್ದೇನೆ. ಮ್ಯಾಕ್‌ನಲ್ಲಿ ನೋಡಿಲ್ಲ.' ನೀವು ನಿಜವಾಗಿ ಮಾಡಿದ್ದನ್ನೇ ಬರೆಯಿರಿ. ರೀಡ್‌ಮಿಯನ್ನು ಎಐ ಕೈಯಲ್ಲಿ ಬರೆಸಿದರೆ, ಇಲ್ಲದ ಸೌಲಭ್ಯಗಳೂ ಅದರೊಳಗೆ ಸೇರುತ್ತವೆ. ಪ್ರತಿ ವಾಕ್ಯವನ್ನೂ ಓಡಿಸಿ ನೋಡಿ, ಆಗದ್ದನ್ನು ಹೊಡೆದುಹಾಕಿ.

ಕೆಲವು ಸಲಕರಣೆಗಳು ಕಮಿಟ್ ಸಂದೇಶದ ಕೊನೆಗೆ ಎಐ ಹೆಸರನ್ನು ಸಹಲೇಖಕನೆಂದು ತಾವಾಗಿಯೇ ಸೇರಿಸುತ್ತವೆ. ಮರೆಮಾಚಲೆಂದು ಅದನ್ನು ಅಳಿಸಬೇಡಿ. ಇನ್ನೊಂದು ಎಚ್ಚರ: ಬೇರೆಯವರ ಪ್ರಾಜೆಕ್ಟ್‌ಗೆ ಕೋಡ್ ಕಳಿಸುವುದಾದರೆ ಅವರ ನಿಯಮ ಓದಿ. ಲಿನಕ್ಸ್‌ನ ಒಂದು ಬಗೆಯಾದ ಜೆಂಟೂ 2024ರ ಏಪ್ರಿಲ್‌ನಲ್ಲಿ ಎಐ ನೆರವಿನ ಕೊಡುಗೆಗಳನ್ನು ನಿಷೇಧಿಸಿತು. ನೆಟ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಪ್ರಾಜೆಕ್ಟ್ ಮರು ತಿಂಗಳು, ಮುಂಚಿತ ಲಿಖಿತ ಒಪ್ಪಿಗೆ ಇಲ್ಲದೆ ಅಂಥ ಕೋಡ್ ಸೇರಿಸಬಾರದೆಂದಿತು.

ಪ್ರಶ್ನೆ: ಲೈಸೆನ್ಸ್ ಯಾವುದು ಹಾಕಲಿ? ಎಐ ಬರೆದದ್ದಕ್ಕೆ ನಾನು ಲೈಸೆನ್ಸ್ ಕೊಡಬಹುದೇ?

ಉತ್ತರ: ಲೈಸೆನ್ಸ್ ಇಲ್ಲದ ಕೋಡ್ ಸಾರ್ವಜನಿಕವಾಗಿ ಕಂಡರೂ, ಬದಲಿಸಿ ಹಂಚಲು ಯಾರಿಗೂ ಅನುಮತಿ ಇಲ್ಲ. ಹೆಚ್ಚು ಯೋಚಿಸುವುದು ಬೇಡವಾದರೆ ಹೆಚ್ಚು ನಿರ್ಬಂಧವಿಲ್ಲದ ಎಂಐಟಿ ಲೈಸೆನ್ಸ್ ಸಾಕು. ಬದಲಿಸಿ ಹಂಚುವವರೂ ಮೂಲ ಕೋಡ್ ತೆರೆದಿಡಲಿ ಎಂದಿದ್ದರೆ ಜಿಪಿಎಲ್ ಮೂರನೇ ಆವೃತ್ತಿ. ಹಕ್ಕಿನ ಪ್ರಶ್ನೆ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಕಾಪಿರೈಟ್ ಕಚೇರಿ 2025ರ ಜನವರಿಯ ವರದಿಯಲ್ಲಿ, ಪ್ರಾಂಪ್ಟ್ ಕೊಟ್ಟ ಮಾತ್ರಕ್ಕೆ ಹೊರಬಂದದ್ದರ ಕರ್ತೃ ಆಗುವುದಿಲ್ಲ, ಮನುಷ್ಯ ತಾನೇ ಬರೆದ, ಆಯ್ದು ಜೋಡಿಸಿದ ಭಾಗಕ್ಕೆ ರಕ್ಷಣೆ ಸಿಗಬಹುದು ಎಂದಿದೆ.

ನಿಜವಾದ ತೊಡಕು ಬರುವುದು ಲೈಬ್ರರಿಗಳಿಂದ. ಪಿಡಿಎಫ್ ಕೆಲಸಕ್ಕೆ ಎಐ ಪೈಮುಪಿಡಿಎಫ್ ಸೂಚಿಸಿದರೆ, ಅದು ಎಜಿಪಿಎಲ್, ಅಂದರೆ ಜಿಪಿಎಲ್‌ಗಿಂತ ಬಿಗಿಯಾದದ್ದು. ಕಿಟಕಿ, ಗುಂಡಿಗಳಿಗೆ ಪೈಕ್ಯೂಟಿ ಸೂಚಿಸಿದರೆ, ಅದು ಜಿಪಿಎಲ್. ಇವೆರಡಕ್ಕೂ ಹಣ ಕೊಟ್ಟು ಪಡೆಯುವ ಲೈಸೆನ್ಸ್ ಬೇರೆ ಇದೆ. ಇವನ್ನು ಸೇರಿಸಿ ಕಟ್ಟಿದ ಪ್ರೋಗ್ರಾಮನ್ನು ಎಂಐಟಿ ಎಂದಷ್ಟೇ ಹೇಳಿ ಹಂಚಿದರೆ ಅವುಗಳ ಷರತ್ತು ಮುರಿದಂತೆ. ಪಿಡಿಎಫ್ ಓದುವ, ಪುಟ ಜೋಡಿಸುವಷ್ಟೇ ಕೆಲಸಕ್ಕೆ ಬಿಎಸ್‌ಡಿ ಲೈಸೆನ್ಸಿನ ಪೈಪಿಡಿಎಫ್, ಪೈಕ್ಯೂಟಿ ಬದಲು ಜಿಪಿಎಲ್‌ಗಿಂತ ಸಡಿಲವಾದ ಎಲ್‌ಜಿಪಿಎಲ್ ಆಯ್ಕೆಯಿರುವ ಪೈಸೈಡ್ ನೋಡಿ. ಕೋಡ್ ಬೆಳೆದ ಮೇಲೆ ಬದಲಿಸುವುದು ಕಷ್ಟ, ಮೊದಲ ವಾರವೇ ನೋಡಿಕೊಳ್ಳಿ.

ಪ್ರಶ್ನೆ: ಪೈಥಾನ್ ಪ್ರೋಗ್ರಾಮನ್ನು ನೇರವಾಗಿ ಓಡುವ ಕಡತವಾಗಿ ಕಟ್ಟುವ ಪೈಇನ್‌ಸ್ಟಾಲರ್‌ನಿಂದ ಒಂದೇ ಕಡತ ಮಾಡಿ ಕೊಟ್ಟರೆ ಆ್ಯಂಟಿವೈರಸ್ ವೈರಸ್ ಎನ್ನುತ್ತದೆ.

ಉತ್ತರ: ಓಡುವಾಗ ತನ್ನನ್ನೇ ಬಿಚ್ಚಿಕೊಂಡು ತಾತ್ಕಾಲಿಕ ಫೋಲ್ಡರ್‌ಗೆ ಕಡತ ಇಳಿಸುವ ರೀತಿ ದುಷ್ಟ ಪ್ರೋಗ್ರಾಮ್‌ಗಳಿಗೂ ಇರುವುದರಿಂದ ಈ ಸಂಶಯ. ಒಂದೇ ಕಡತದ ಬದಲು ಫೋಲ್ಡರ್ ರೂಪದಲ್ಲಿ ಕಟ್ಟಿ, ಜಿಪ್ ಮಾಡಿ ಕೊಡಿ. ಎಚ್ಚರಿಕೆ ಎಷ್ಟೋ ಸಲ ಕಡಿಮೆಯಾಗುತ್ತದೆ. ಡಿಜಿಟಲ್ ಸಹಿ ಇಲ್ಲದ್ದಕ್ಕೆ ವಿಂಡೋಸ್ ತೋರಿಸುವ ಸ್ಮಾರ್ಟ್‌ಸ್ಕ್ರೀನ್ ಎಚ್ಚರಿಕೆ ಬೇರೆ. 'ಆ್ಯಂಟಿವೈರಸ್ ಆಫ್ ಮಾಡಿ' ಎಂದು ಮಾತ್ರ ಯಾರಿಗೂ ಹೇಳಬೇಡಿ. ಮೂಲ ಕೋಡ್‌ನಿಂದ ಓಡಿಸುವ ದಾರಿಯನ್ನು ಪಕ್ಕದಲ್ಲೇ ಬರೆದಿಡಿ.

ಪ್ರಶ್ನೆ: ಹಂಚಿದ ಮೇಲೆ ಅದು ಸೇರಿಸಿ, ಇದು ಸೇರಿಸಿ ಎಂಬ ಕೋರಿಕೆಗಳು ಬರುತ್ತಿವೆ. ಒಬ್ಬರು 3,000 ಸಾಲಿನ ಬದಲಾವಣೆಯನ್ನೇ ಕಳಿಸಿದ್ದಾರೆ. ಒಪ್ಪಿಕೊಳ್ಳಲೇ?

ಉತ್ತರ: ನೀವು ಓದಲಾಗದ್ದನ್ನು ಸೇರಿಸಬೇಡಿ. ಒಂದು ಬದಲಾವಣೆಗೆ ಒಂದೇ ಉದ್ದೇಶ ಇರಲಿ, ಅದನ್ನು ಪರೀಕ್ಷಿಸಿದ ಬಗೆಯೂ ಜೊತೆಗಿರಲಿ ಎಂದು ಕೇಳಿ, ಉಳಿದದ್ದನ್ನು ನಯವಾಗಿ ಮುಚ್ಚಿ. ದೋಷದ ವರದಿಗೆ ಆವೃತ್ತಿ, ಆಪರೇಟಿಂಗ್ ಸಿಸ್ಟಮ್, ದೋಷ ಮತ್ತೆ ಬರುವ ಹೆಜ್ಜೆಗಳು, ಪೂರ್ತಿ ದೋಷ ಸಂದೇಶ ಇವಿಷ್ಟು ಕೇಳುವ ಮಾದರಿ ಇಡಿ. ಆವೃತ್ತಿಯನ್ನು 0.1.0ರಿಂದ ಶುರು ಮಾಡಿದರೆ, ಇನ್ನೂ ಬದಲಾಗುವ ಕೆಲಸ ಎಂದು ಬಲ್ಲವರಿಗೆ ತಿಳಿಯುತ್ತದೆ. ಮುಂದುವರಿಸುವ ಮನಸ್ಸಿಲ್ಲದ ದಿನ ರೀಡ್‌ಮಿಯಲ್ಲಿ ಹಾಗೆಂದು ಬರೆದು ರೆಪೊಸಿಟರಿಯನ್ನು ಆರ್ಕೈವ್ ಮಾಡಿ. ಕೋಡ್ ಓದಲು, ಫೋರ್ಕ್ ಮಾಡಲು ಉಳಿಯುತ್ತದೆ. ಹೊಸ ಕೋರಿಕೆಗಳು ನಿಲ್ಲುತ್ತವೆ.