ದಿಬ್ಬದ ಮೇಲಿನ ಹುಲ್ಲು ಏನು ಹೇಳುತ್ತದೆ?

ಪ್ರಿಯ ಓದುಗರೇ,

ಹಳೆಯ ಗಣಿಗಳ ಮಣ್ಣಿನಲ್ಲಿ ಲೋಹದ ವಿಷ ಇನ್ನೂ ಉಳಿದಿದೆ ಎಂದು ನಾವು ಬರೆದದ್ದನ್ನು ಓದಿ ಸ್ವಲ್ಪ ಸಿಟ್ಟಿನಿಂದಲೇ ಪತ್ರ ಬರೆದಿದ್ದೀರಿ. ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು, ತ್ಯಾಜ್ಯದ ದಿಬ್ಬದ ಮೇಲೆ ಹುಲ್ಲು ಹಬ್ಬಿದೆ, ಪ್ರಕೃತಿ ತನ್ನ ಗಾಯವನ್ನು ತಾನೇ ಮಾಯಿಸಿಕೊಂಡಿದೆ, ನೀವು ಸುಮ್ನೆ ಹೆದರಿಸುತ್ತೀರಿ ಎಂಬುದು ನಿಮ್ಮ ಮಾತು. ಮಣ್ಣಿನ ವರದಿಯಲ್ಲಿ ಸೀಸ ಅಷ್ಟೇನೂ ಜಾಸ್ತಿ ಇಲ್ಲವಲ್ಲ ಎಂದೂ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆಗಳೇ. ಆದರೂ ನಾನು ಒಪ್ಪುವುದಿಲ್ಲ.

ಮೊದಲು ಆ ಹುಲ್ಲನ್ನೇ ನೋಡೋಣ. ಬ್ರಿಟನ್ನಿನ ವೇಲ್ಸ್‌ನಲ್ಲಿ ಸೀಸ, ತಾಮ್ರ ತೆಗೆದು ಬಿಟ್ಟ ಗಣಿಗಳಿವೆ. ಅಲ್ಲಿನ ದಿಬ್ಬಗಳ ಮೇಲೂ ಹುಲ್ಲು ಇತ್ತು. ಆಂಟನಿ ಬ್ರಾಡ್‌ಶಾ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಅದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಪಕ್ಕದ ಒಳ್ಳೆಯ ಹುಲ್ಲುಗಾವಲಿನಿಂದ ಅದೇ ಜಾತಿಯ ಬೀಜ ತಂದು ಗಣಿ ಮಣ್ಣಿಗೆ ಹಾಕಿದರೆ ಹೆಚ್ಚುಕಡಿಮೆ ಎಲ್ಲವೂ ಸಾಯುತ್ತಿದ್ದವು, ಸಾವಿರಕ್ಕೆ ಬೆರಳೆಣಿಕೆಯಷ್ಟು ಮಾತ್ರ ಉಳಿಯುತ್ತಿದ್ದವು. ಅಂದರೆ ಅಲ್ಲಿ ಮಣ್ಣು ಬದಲಾಗಿರಲಿಲ್ಲ, ಹುಲ್ಲೇ ಬದಲಾಗಿತ್ತು. ವಿಷ ತಡೆಯದವೆಲ್ಲ ಸತ್ತು, ತಡೆಯುವ ಕೆಲವೇ ಗಿಡಗಳ ಸಂತತಿ ಬೆಳೆದು ದಿಬ್ಬ ಹಸಿರಾಗಿತ್ತು. ನಿಮ್ಮ ಕಣ್ಣಿಗೆ ವಾಸಿಯಾದ ಗಾಯದಂತೆ ಕಾಣುವುದು ಇಂಥ ಹಸಿರೇ ಇರಬಹುದು, ಅಲ್ವಾ? ಹಾಗಾಗಿ ಹುಲ್ಲು ಇದೆಯೇ ಎಂದು ಕೇಳಿದರೆ ಸಾಲದು. ಎಷ್ಟು ಜಾತಿಯ ಗಿಡಗಳಿವೆ, ಮೊದಲು ಇದ್ದ ಯಾವುವು ಈಗಿಲ್ಲ ಎಂದು ಕೇಳಬೇಕು.

ಇನ್ನು ವರದಿ. ಅದರಲ್ಲಿ ಸಾಮಾನ್ಯವಾಗಿ ಇರುವುದು ಮಣ್ಣಿನಲ್ಲಿರುವ ಒಟ್ಟು ಲೋಹದ ಲೆಕ್ಕ. ಗಿಡಕ್ಕೆ ಒಟ್ಟು ಲೆಕ್ಕ ಬೇಕಿಲ್ಲ, ಬೇರಿಗೆ ಸಿಗುವುದೆಷ್ಟು ಎಂಬುದೇ ಮುಖ್ಯ. ಮಣ್ಣಿನ ಕಣಕ್ಕೆ ಬಿಗಿಯಾಗಿ ಅಂಟಿಕೊಂಡ ಸೀಸ ಅಷ್ಟಾಗಿ ತೊಂದರೆ ಕೊಡದಿರಬಹುದು, ಆದರೆ ಕಡಿಮೆ ಪ್ರಮಾಣದಲ್ಲೇ ಇದ್ದರೂ ನೀರಿನಲ್ಲಿ ಕರಗಿದ ಸತು, ಕ್ಯಾಡ್ಮಿಯಂ ನೇರವಾಗಿ ಬೇರಿನೊಳಕ್ಕೆ ಹೋಗುತ್ತವೆ. ಕರಗಿಸುವುದು ಯಾರು? ಆಮ್ಲ. ಅನೇಕ ಅದಿರುಗಳ ಜೊತೆ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇರುತ್ತದೆ. ನೆಲದಾಳದಲ್ಲಿ ಇದ್ದಷ್ಟು ದಿನ ಅದು ತೆಪ್ಪಗಿರುತ್ತದೆ. ಪುಡಿ ಮಾಡಿ ಮೇಲೆ ಸುರಿದಾಗ ಗಾಳಿ, ನೀರು ತಾಗಿ ಗಂಧಕಾಮ್ಲ ಹುಟ್ಟುತ್ತದೆ, ಕೆಲವು ಬ್ಯಾಕ್ಟೀರಿಯಾಗಳು ಆ ಕೆಲಸವನ್ನು ಇನ್ನೂ ಜೋರು ಮಾಡುತ್ತವೆ. ಗಣಿಯಲ್ಲಿ ಕೆಲಸ ನಿಂತರೂ ಇದು ನಿಲ್ಲುವುದಿಲ್ಲ, ದಶಕಗಟ್ಟಲೆ, ಕೆಲವೆಡೆ ಶತಮಾನಗಟ್ಟಲೆ ನಡೆಯುತ್ತದೆ. ಇವತ್ತು ಸುಮ್ಮನಿರುವ ದಿಬ್ಬ ಮುಂದೆ ಹುಳಿಯಾಗಬಹುದು. ಒಂದು ದಿನದ ವರದಿ ಅದನ್ನು ಹೇಳುವುದಿಲ್ಲ.

ಗಿಡಕ್ಕೆ ಆಗುವ ಹಾನಿ ಮೊದಲು ಕಾಣುವುದು ನೆಲದ ಕೆಳಗೆ. ತಾಮ್ರ ಜಾಸ್ತಿಯಾದರೆ ಬೇರಿನ ತುದಿ ಮೊಂಡಾಗುತ್ತದೆ. ಸತು ಮಿತಿಮೀರಿದರೆ ಗಿಡಕ್ಕೆ ಕಬ್ಬಿಣ ದಕ್ಕದೆ ಚಿಗುರು ಹಳದಿಯಾಗುತ್ತದೆ. ಆರ್ಸೆನಿಕ್ ಎಂಬ ವಿಷಧಾತು ಗಿಡಕ್ಕೆ ಬೇಕಾದ ರಂಜಕದ ವೇಷದಲ್ಲಿ ಒಳಗೆ ನುಗ್ಗುತ್ತದೆ, ಬೇರಿಗೆ ಎರಡಕ್ಕೂ ಇರುವ ಬಾಗಿಲು ಒಂದೇ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಒಳ್ಳೆಯ ಮನಸ್ಸಿನಿಂದಲೇ ಎಷ್ಟೋ ಜನ ಇಂಥ ಜಾಗಕ್ಕೆ ಸುಣ್ಣ, ರಂಜಕದ ಗೊಬ್ಬರ ಸುರಿಯುತ್ತಾರೆ. ಸೀಸ ಅದರಿಂದ ಬಿಗಿಯಾಗಿ ಕೂರುತ್ತದೆ, ನಿಜ. ಆದರೆ ಅದೇ ಮಣ್ಣಿನಲ್ಲಿ ಆರ್ಸೆನಿಕ್ ಇದ್ದರೆ ಅದು ಸಡಿಲವಾಗಿ ನೀರಿಗೆ ಇಳಿಯಬಹುದು. ಏನೇನಿದೆ ಎಂದು ತಿಳಿಯದೆ ಮದ್ದು ಹಾಕಬೇಡಿ.

ಹಚ್ಚಗಿರುವ ಗಿಡವೆಲ್ಲ ವಿಷವನ್ನು ದೂರ ಇಟ್ಟಿದೆ ಎಂದೂ ಅಲ್ಲ. ಚೈನೀಸ್ ಬ್ರೇಕ್ ಎಂಬ ಜರಿಗಿಡ ಮಣ್ಣಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಆರ್ಸೆನಿಕ್ಕನ್ನು ಎಲೆಯಲ್ಲಿ ತುಂಬಿಕೊಂಡು ಸೊಂಪಾಗಿ ಬೆಳೆಯುತ್ತದೆ. ಇಂಥ ಎಲೆ ಉದುರಿದರೆ ಆಳದ ವಿಷ ಮೇಲ್ಮಣ್ಣಿಗೆ ಬರುತ್ತದೆ, ಮೇಯ್ದರೆ ಪ್ರಾಣಿಗಳ ಹೊಟ್ಟೆಗೆ ಹೋಗುತ್ತದೆ.

ನೀವು ಮತ್ತೆ ಆ ಕಡೆ ಹೋದರೆ ಒಂದು ಕೆಲಸ ಮಾಡಿ. ಅಲ್ಲಿ ಮರಗಳಿದ್ದರೆ ಬುಡದ ತರಗೆಲೆಯನ್ನು ಕಡ್ಡಿಯಿಂದ ಸರಿಸಿ ನೋಡಿ. ಕೆಳಗೆ ಕಪ್ಪು ಮಣ್ಣಾಗಿದ್ದರೆ, ಎರೆಹುಳು ಕಂಡರೆ, ನನಗೂ ಸಂತೋಷ. ಹಳೆಯ ಎಲೆಗಳು ಕೊಳೆಯದೆ ಪದರಪದರವಾಗಿ ಹಾಗೇ ಬಿದ್ದಿದ್ದರೆ, ಎಲೆಯನ್ನು ಮಣ್ಣು ಮಾಡಬೇಕಾದ ಹುಳು, ಶಿಲೀಂಧ್ರಗಳಿಗೆ ಅಲ್ಲಿ ಬದುಕಲಾಗುತ್ತಿಲ್ಲ ಎಂದೇ ನನ್ನ ಅನುಮಾನ. ಕೈಗವಸು ಹಾಕಿಕೊಂಡೇ ಮುಟ್ಟಿ, ಒಣಗಿದ ದೂಳು ಮೂಗಿಗೆ ಹೋಗದಂತೆ ನೋಡಿಕೊಳ್ಳಿ. ಏನು ಕಂಡಿರಿ ಎಂದು ಬರೆಯಿರಿ, ಅಚ್ಚು ಮಾಡುತ್ತೇವೆ.

— ಸಂಪಾದಕ