ಐದೂವರೆ ತಿಂಗಳ ಮಗುವಿಗೆ ರಾಗಿ ಸರಿಯನ್ನು ಒಳಲೆಯಲ್ಲಿ ಕುಡಿಸಬಹುದೇ?

ಅತ್ತೆಯವರು ರಾಗಿ ಸರಿಗೆ ಜೇನು ಬೆರೆಸಿ ಒಳಲೆಯಲ್ಲಿ (ಕೂಸಿಗೆ ಕುಡಿಸುವ ಮೂತಿಯುಳ್ಳ ಪುಟ್ಟ ಬಟ್ಟಲು) ಕುಡಿಸಲು ಹೇಳುತ್ತಿದ್ದಾರೆ, ಇದು ಸರಿಯೇ ಎಂದು ಕೇಳಿದ್ದೀರಿ. ನಾನು ವೈದ್ಯಳಲ್ಲ, ಇಬ್ಬರು ಮಕ್ಕಳನ್ನು ಬೆಳೆಸಿದವಳು. ರಾಗಿ ಸರಿಯ ವಿಷಯದಲ್ಲಿ ನಿಮ್ಮ ಅತ್ತೆಯವರ ಮಾತು ಒಪ್ಪತಕ್ಕದ್ದೇ. ಜೇನು ಮತ್ತು ಒಳಲೆಯನ್ನು ಮಾತ್ರ ನಾನು ಒಪ್ಪಲಾರೆ.

ಮೊದಲು ಜೇನಿನ ಮಾತು. ವರ್ಷ ತುಂಬುವವರೆಗೆ ಜೇನನ್ನು ನಾಲಿಗೆಗೆ ಸವರುವುದೂ ಬೇಡ. ಅದರಲ್ಲಿ ಬಾಟ್ಯುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರಿಗೆ ಏನೂ ಮಾಡದ ಅವು ಎಳೆಗರುಳಿನಲ್ಲಿ ಬೆಳೆದು, ಸ್ನಾಯುಗಳನ್ನು ಸಡಿಲಗೊಳಿಸುವ ವಿಷವನ್ನು ಉಂಟುಮಾಡುತ್ತವೆ. ಮನೆಯಲ್ಲಿ ಕುದಿಸಿದರೂ ಅವು ಸಾಯುವುದಿಲ್ಲ.

ಇನ್ನು ಒಳಲೆ. ಎಳೆಯ ಕೂಸಿಗೆ ಹಿಂಡಿದ ಎದೆಹಾಲನ್ನು ಗುಟುಕು ಗುಟುಕಾಗಿ ಕುಡಿಸಲು ಅದು ಒಳ್ಳೆಯ ಸಾಧನವೇ. ಆದರೆ ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಅಳುತ್ತಿರುವ ಬಾಯಿಗೆ ಸರಿ ಹುಯ್ಯುವ ನಮ್ಮ ಪದ್ಧತಿ ಅಪಾಯಕರ. ನನ್ನ ದೊಡ್ಡ ಮಗನಿಗೆ ಹೀಗೆ ಹುಯ್ಯುವಾಗ ನೆತ್ತಿಗೇರಿ ಮುಖ ಕೆಂಪಾಗಿ, ಕೆಮ್ಮಲೂ ಆಗದೆ ಒದ್ದಾಡಿದ್ದನ್ನು ಕಂಡ ದಿನವೇ ಒಳಲೆಯನ್ನು ಅಟ್ಟಕ್ಕೆ ಏರಿಸಿದೆ. ಉಸಿರೆಳೆದುಕೊಳ್ಳುವ ಹೊತ್ತಿನಲ್ಲಿ ಬಾಯಿಗೆ ಬಿದ್ದ ಆಹಾರ ಶ್ವಾಸನಾಳಕ್ಕೆ ಇಳಿಯಬಹುದು.

ಅದಕ್ಕಿಂತ ಜನ ಗಮನಿಸದ ತೊಂದರೆಯೊಂದಿದೆ: ಒಳಲೆಯ ಮೂತಿಯಿಂದ ಇಳಿಯಬೇಕೆಂದು ನಾವು ಸರಿಯನ್ನು ನೀರಾಗಿಸುತ್ತೇವೆ. ಮಗುವಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿ, ತಿಂದದ್ದು ಮೈಗೆ ಹತ್ತುವುದಿಲ್ಲ. ಚಮಚ ವಾಲಿಸಿದರೆ ಥಟ್ಟನೆ ಸುರಿದುಹೋಗದೆ, ನಿಧಾನವಾಗಿ ಜಾರುವಷ್ಟು ಗಟ್ಟಿಯಾಗಿರಬೇಕು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟಿನ ಹೆಚ್ಚುಗಾರಿಕೆ ಇಲ್ಲಿಯೇ ಇರುವುದು. ಮೊಳಕೆಯೊಡೆಯುವಾಗ ಹುಟ್ಟುವ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ, ಹಿಟ್ಟು ಹೆಚ್ಚು ಹಾಕಿದರೂ ಸರಿ ಅಂಟಂಟಾಗದೆ ಮೃದುವಾಗಿರುತ್ತದೆ. ಜೋರಾಗಿ ಹುರಿದರೆ ಆ ಗುಣ ಹೋಗಿಬಿಡುತ್ತದೆ.

ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಆದ್ದರಿಂದ ಇನ್ನು ಹದಿನೈದು ದಿನ ಕಾಯಿರಿ. ಆ ವೇಳೆಗೆ ಕತ್ತು ನಿಂತಿದ್ದು, ಆಸರೆ ಕೊಟ್ಟರೆ ಕೂರುವಂತಿದ್ದರೆ, ನೆಟ್ಟಗೆ ಕೂರಿಸಿಕೊಂಡು ದಿನಕ್ಕೆ ಎರಡು ಸಲ, ಸಲಕ್ಕೆ ಎರಡು ಮೂರು ಚಮಚದಿಂದ ತೊಡಗಿ, ಹಸಿವು ನೋಡಿ ಹೆಚ್ಚಿಸಿ. ಉಪ್ಪು, ಸಕ್ಕರೆ, ಬೆಲ್ಲ ಬೇಡ. ಎದೆಹಾಲು ಮುಂದುವರಿಯಲಿ. ರಾಗಿಯಲ್ಲಿ ಸುಣ್ಣದ ಅಂಶ ಹೇರಳವಾಗಿದ್ದರೂ ಅದರ ಕಬ್ಬಿಣಾಂಶ ಮೈಗೆ ಸುಲಭವಾಗಿ ಸೇರುವುದಿಲ್ಲ. ವಾರ ಕಳೆದಂತೆ ಬೇಯಿಸಿ ಮಸೆದ ಬೇಳೆ, ಸೊಪ್ಪು, ನಿಮ್ಮಲ್ಲಿ ತಿನ್ನುವುದಾದರೆ ಚೆನ್ನಾಗಿ ಬೆಂದ ಮೊಟ್ಟೆಯನ್ನೂ ಒಂದೊಂದಾಗಿ ಪರಿಚಯಿಸಿ.

ಮಗು ಬಾಯಿ ಮುಚ್ಚಿ ಮುಖ ತಿರುಗಿಸಿದರೆ ಅಲ್ಲಿಗೆ ಆ ಹೊತ್ತಿನ ಊಟ ಮುಗಿಯಿತು. ಅತ್ತೆಯವರಿಗೆ ಹಿಟ್ಟು ಮಾಡುವ ಕೆಲಸ ಒಪ್ಪಿಸಿ ನೋಡಿ, ನಮ್ಮ ಮನೆಯಲ್ಲಿ ಒಳಲೆಯ ವಾದ ತಣ್ಣಗಾದದ್ದು ಹಾಗೆಯೇ.